ಪುಟ್ಟಾ, ಸಂಜೆ ಮನೇಲಿ ಉಪ್ಪಿಟ್ಟು, ಬಾ: ಹವಾಮಾನ, ಪರಿಸರದ ಪಾಠ ನೆನಪಿಡುವ ಕೆಲವು ಉಪಾಯಗಳು

ಪರೀಕ್ಷೆಯ ಹಿಂದಿನ ರಾತ್ರಿ ಅಕ್ಕನ ಮಗ ಫೋನ್ ಮಾಡಿದ. "ಮಾಮಾ, ವಾಯುಮಂಡಲದ ಪದರು ಐದೂ ಬಾಯಿಪಾಠ ಆಗಿದೆ. ಆದ್ರೆ ಯಾವುದು ಕೆಳಗೆ, ಯಾವುದು ಮೇಲೆ ಅನ್ನೋದು ಪದೇ ಪದೇ ಕಲಸಿ ಹೋಗ್ತಿದೆ" ಅಂದ. ನೆಲದಿಂದ ಶುರು ಮಾಡಿದರೆ ಪರಿವರ್ತನ ಮಂಡಲ, ಸಮೋಷ್ಣ ಮಂಡಲ, ಮಧ್ಯಂತರ ಮಂಡಲ, ಉಷ್ಣತಾ ಮಂಡಲ, ಬಾಹ್ಯ ಮಂಡಲ. ನಾನಾಗ ಅಡುಗೆಮನೆಯಲ್ಲಿದ್ದೆ. ಕಣ್ಣೆದುರಿಗೆ ರವೆ ಡಬ್ಬಿ ಇತ್ತು. ಬಾಯಿಗೆ ಬಂದದ್ದನ್ನು ಹೇಳಿದೆ: "ಪುಟ್ಟಾ, ಸಂಜೆ ಮನೇಲಿ ಉಪ್ಪಿಟ್ಟು, ಬಾ!" ಪ, ಸ, ಮ, ಉ, ಬಾ. ಅವನು ನಕ್ಕು ಫೋನಿಟ್ಟ.

ಮರುದಿನ ಮತ್ತೆ ಫೋನ್. ಪದರುಗಳ ಕ್ರಮವನ್ನೇ ಕೇಳಿದ್ದರಂತೆ, ಸರಿಯಾಗಿ ಬರೆದಿದ್ದ. ಆದರೆ ಅದರ ಕೆಳಗೇ ಇನ್ನೊಂದು ಪ್ರಶ್ನೆ. ಪರಿವರ್ತನ ಮಂಡಲದಲ್ಲಿ ಮೇಲೆ ಹೋದಂತೆ ತಣ್ಣಗಾಗುತ್ತದೆ, ಸಮೋಷ್ಣ ಮಂಡಲದಲ್ಲಿ ಬೆಚ್ಚಗಾಗುತ್ತದೆ, ಯಾಕೆ? ಅದನ್ನು ಖಾಲಿ ಬಿಟ್ಟು ಬಂದಿದ್ದ. ಉಪ್ಪಿಟ್ಟಿನ ಕೈಲಾಗುವುದು ಅಷ್ಟೇ.

ನೆನಪಿನ ಉಪಾಯಗಳಲ್ಲಿ ಎರಡು ಜಾತಿ. ಒಂದು, ಹೆಸರುಗಳನ್ನು ಸಾಲಾಗಿ ಪೋಣಿಸುವ ದಾರ. ಇನ್ನೊಂದು, ಕಾರಣವನ್ನೇ ಹೊಟ್ಟೆಯಲ್ಲಿಟ್ಟುಕೊಂಡ ಚಿತ್ರ. ಮೊದಲನೆಯದು ಅಗ್ಗ, ಬೇಗ ಸಿಗುತ್ತದೆ. ಎರಡನೆಯದಕ್ಕೆ ಸ್ವಲ್ಪ ಯೋಚಿಸಬೇಕು. ಆದರೆ ಅರ್ಧ ಮರೆತರೂ ಉಳಿದರ್ಧದಿಂದ ಮತ್ತೆ ಕಟ್ಟಿಕೊಳ್ಳಬಹುದು. ಅದಕ್ಕೇ ಇಲ್ಲಿ ಎರಡನೇ ಜಾತಿಯದನ್ನೇ ಜಾಸ್ತಿ ಹೇಳುತ್ತೇನೆ.

ಆ ಖಾಲಿ ಬಿಟ್ಟ ಪ್ರಶ್ನೆಯಿಂದಲೇ ಶುರು ಮಾಡೋಣ. ಆಕಾಶದಲ್ಲಿ ಮೂರು ಒಲೆಗಳಿವೆ ಅಂದುಕೊಳ್ಳಿ. ಮೊದಲನೇ ಒಲೆ ನೆಲ. ಬಿಸಿಲು ನೆಲವನ್ನು ಕಾಯಿಸುತ್ತದೆ, ನೆಲ ಗಾಳಿಯನ್ನು ಕಾಯಿಸುತ್ತದೆ, ಕಾದ ಹೆಂಚಿನ ಹಾಗೆ. ಒಲೆಯಿಂದ ದೂರ ಹೋದಷ್ಟೂ ತಣ್ಣಗೆ. ಒಂದು ಕಿಲೋಮೀಟರ್ ಮೇಲೇರಿದರೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಮಂಗಳೂರಿನ ಕಡಲ ದಂಡೆಯಲ್ಲಿ 32 ಡಿಗ್ರಿ ಇದ್ದರೆ, ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಲೆಕ್ಕದ ಪ್ರಕಾರ 20ರ ಹತ್ತಿರ ಇರಬೇಕು. ಸ್ವೆಟರ್ ಯಾಕೆ ಬೇಕು ಅಂತ ಈಗ ಗೊತ್ತಾಯಿತಲ್ಲ.

ಎರಡನೇ ಒಲೆ ಓಜೋನ್. ಅದು ಸೂರ್ಯನ ನೇರಳಾತೀತ ಕಿರಣವನ್ನು ಹೀರಿಕೊಂಡು ಬಿಸಿಯಾಗುತ್ತದೆ. ಮೇಲಿನಿಂದ ಬರುವ ಕಿರಣ ಮೊದಲು ತಾಗುವುದು ಮೇಲಿನ ಓಜೋನಿಗೆ. ಹಾಗಾಗಿ ಈ ಒಲೆಯ ಉರಿ ಜಾಸ್ತಿ ಇರುವುದು ಸುಮಾರು 50 ಕಿಲೋಮೀಟರ್ ಎತ್ತರದಲ್ಲಿ. ಸಮೋಷ್ಣ ಮಂಡಲದಲ್ಲಿ ಮೇಲೆ ಹೋಗುವುದು ಅಂದರೆ ಈ ಒಲೆಯ ಹತ್ತಿರ ಹೋಗುವುದು. ಅದಕ್ಕೇ ಬೆಚ್ಚಗಾಗುತ್ತದೆ. ಅದನ್ನು ದಾಟಿದರೆ ಮಧ್ಯಂತರ ಮಂಡಲ, ಎರಡು ಒಲೆಗಳ ನಡುವಿನ ಚಳಿ ಜಾಗ. ಅದರ ಮೇಲಂಚಿನಲ್ಲಿ ಸೊನ್ನೆಗಿಂತ 90 ಡಿಗ್ರಿ ಕೆಳಗೆ ಇರುತ್ತದೆ. ಆಮೇಲೆ ಮೂರನೇ ಒಲೆ. ಸೂರ್ಯನ ತೀರಾ ಚುರುಕಾದ ಕಿರಣಗಳನ್ನು ಎಲ್ಲರಿಗಿಂತ ಮೊದಲು ತಡೆದು ಕಾಯುವ ಉಷ್ಣತಾ ಮಂಡಲ. ಈಗ ಇಳಿ, ಏರು, ಇಳಿ, ಏರು ಅಂತ ಬಾಯಿಪಾಠ ಮಾಡುವ ಕೆಲಸವೇ ಇಲ್ಲ.

'ಸಮೋಷ್ಣ' ಅನ್ನುವ ಹೆಸರು ಮಾತ್ರ ದಾರಿ ತಪ್ಪಿಸುತ್ತದೆ. ಉಷ್ಣ ಎಲ್ಲಾ ಕಡೆ ಸಮ ಅಂದುಕೊಳ್ಳುತ್ತೇವೆ. ಅದು ನಿಜವಾಗುವುದು ಆ ಪದರಿನ ಕೆಳಭಾಗಕ್ಕೆ ಮಾತ್ರ. 1902ರಲ್ಲಿ ಫ್ರಾನ್ಸಿನ ಲಿಯಾಂ ತೆಸ್ಸೆರಾಂ ದ ಬೋರ್ ಈ ಪದರನ್ನು ಗುರುತಿಸಿದಾಗ ಅವರ ಬಲೂನುಗಳು ಮುಟ್ಟಿದ್ದೂ ಆ ಕೆಳಭಾಗವನ್ನೇ.

ಹೆಸರು ಹೀಗೆ ಕೈಕೊಡುವುದು ಕಮ್ಮಿ. ಸಾಮಾನ್ಯವಾಗಿ ನಮ್ಮ ಪಾಠದ ಪದಗಳ ಒಳಗೇ ಉಪಾಯ ಕೂತಿರುತ್ತದೆ, ಪದವನ್ನು ಬಿಡಿಸಿ ನೋಡಬೇಕು ಅಷ್ಟೆ. ಹವಾಮಾನ ಮತ್ತು ವಾಯುಗುಣ ತಗೊಳ್ಳಿ. ಹವೆ, ವಾಯು ಎರಡೂ ಗಾಳಿಯೇ. ವ್ಯತ್ಯಾಸ ಇರುವುದು ಬಾಲದಲ್ಲಿ. ಮಾನ ಅಂದರೆ ಅಳತೆ. ಇವತ್ತು ಎಷ್ಟು ಡಿಗ್ರಿ, ಎಷ್ಟು ಮಳೆ, ಗಾಳಿ ಯಾವ ಕಡೆಯಿಂದ, ಇದೆಲ್ಲ ಹವಾಮಾನ. ಗುಣ ಅಂದರೆ ಸ್ವಭಾವ, ಒಂದು ದಿನದಲ್ಲಿ ತಿಳಿಯುವಂಥದ್ದಲ್ಲ. ಹೆಣ್ಣು ನೋಡಲು ಬಂದ ದಿನ ಹುಡುಗ ಹೇಗಿದ್ದ ಅನ್ನುವುದು ಹವಾಮಾನ. ಮೂವತ್ತು ವರ್ಷ ಸಂಸಾರ ಮಾಡಿದ ಮೇಲೆ ತಿಳಿಯುವುದು ವಾಯುಗುಣ. ಮೂವತ್ತು ಅಂತ ಸುಮ್ನೆ ಹೇಳಲಿಲ್ಲ. ವಿಶ್ವ ಹವಾಮಾನ ಸಂಸ್ಥೆಯೂ ಒಂದು ಊರಿನ ವಾಯುಗುಣ ಹೇಳಲು 30 ವರ್ಷಗಳ ಸರಾಸರಿಯನ್ನೇ ತೆಗೆದುಕೊಳ್ಳುತ್ತದೆ. ಈಗ ಲೆಕ್ಕಕ್ಕಿರುವುದು 1991ರಿಂದ 2020ರವರೆಗಿನದು. ಒಂದು ಎಚ್ಚರಿಕೆ: ಪತ್ರಿಕೆಗಳು 'ಹವಾಮಾನ ಬದಲಾವಣೆ' ಅಂತ ಬರೆದಾಗ ಅವು ಹೇಳುತ್ತಿರುವುದು ಗುಣದ ಬದಲಾವಣೆಯನ್ನೇ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಭೂಮಿಯದು ಹೋಗುತ್ತಿದೆ, ಅದೇ ತಲೆನೋವು.

ಇನ್ನು ಗಾಳಿಯ ದಿಕ್ಕು. 'ನೈಋತ್ಯ ಮಾನ್ಸೂನ್' ಅಂದರೆ ನೈಋತ್ಯಕ್ಕೆ ಹೋಗುವ ಗಾಳಿಯೋ, ನೈಋತ್ಯದಿಂದ ಬರುವ ಗಾಳಿಯೋ? ಎಷ್ಟೋ ದೊಡ್ಡವರೂ ಇಲ್ಲಿ ಎಡವುತ್ತಾರೆ. ಬಸ್ಸಿನ ಬೋರ್ಡು ಹೋಗುವ ಊರನ್ನು ಹೇಳುತ್ತದೆ. ಮನುಷ್ಯನ ಇನಿಷಿಯಲ್ ಬಂದ ಊರನ್ನು ಹೇಳುತ್ತದೆ. ಗಾಳಿ ಮನುಷ್ಯನ ಹಾಗೆ, ಅದರ ಹೆಸರಿನಲ್ಲಿರುವುದು ಹುಟ್ಟೂರು. ಸಮುದ್ರದ ಪ್ರವಾಹ ಬಸ್ಸಿನ ಹಾಗೆ, ಅದನ್ನು ಪೂರ್ವಾಭಿಮುಖ ಅಂದರೆ ಪೂರ್ವಕ್ಕೆ ಹೊರಟಿದೆ ಅಂತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದಿಂದ ಬರುವುದು ಮುಂಗಾರು. ಅಕ್ಟೋಬರ್‌ನಿಂದ ಈಶಾನ್ಯದಿಂದ ಬರುವುದು ಹಿಂಗಾರು. ಮುಂದೆ ಬರುವ ಕಾರು, ಹಿಂದೆ ಬರುವ ಕಾರು. ಕಾರು ಅಂದರೆ ಮಳೆಗಾಲ, ಮಾರುತಿ ಕಾರಲ್ಲ.

ನನಗೆ ತುಂಬಾ ಇಷ್ಟವಾದ ಉಪಾಯ ಚಂಡಮಾರುತದ್ದು. ಉಪಗ್ರಹದ ಚಿತ್ರದಲ್ಲಿ ಬಂಗಾಳಕೊಲ್ಲಿಯ ಚಂಡಮಾರುತ ಯಾವ ಕಡೆಗೆ ತಿರುಗುತ್ತದೆ? ದೇವಸ್ಥಾನದಲ್ಲಿ ನಾವು ಹಾಕುವುದು ಪ್ರದಕ್ಷಿಣೆ, ಗಡಿಯಾರದ ಮುಳ್ಳು ತಿರುಗುವ ಹಾಗೆ. ಆ ಪದದ ಒಳಗೇ 'ದಕ್ಷಿಣ' ಇದೆ ನೋಡಿ. ದಕ್ಷಿಣಾರ್ಧಗೋಳದ ಚಂಡಮಾರುತ ಪ್ರದಕ್ಷಿಣೆ ಹಾಕುತ್ತದೆ. ಉತ್ತರಾರ್ಧದ್ದು, ಅಂದರೆ ನಮ್ಮದು, ಅಪ್ರದಕ್ಷಿಣೆ. 'ಅ' ಅಂದರೆ ಅಲ್ಲ. ದಕ್ಷಿಣ ಅಲ್ಲದ ಕಡೆ ಅಪ್ರದಕ್ಷಿಣೆ. ಈ ಪದವನ್ನು ಮಾಡಿದವರ ತಲೆಯಲ್ಲಿ ಚಂಡಮಾರುತ ಇರಲಿಲ್ಲ, ಇದು ಬರೀ ಕಾಕತಾಳೀಯ. ಆದರೂ ಇಷ್ಟು ಗಟ್ಟಿಯಾದ ಕೊಕ್ಕೆ ಸಿಕ್ಕರೆ ಬಿಡುವುದುಂಟೇ?

ಇದರ ಕಾರಣಕ್ಕೂ ಒಂದು ಆಟ ಇದೆ. ಅಂಗಳದ ನಾಲ್ಕು ದಿಕ್ಕಿಗೂ ನಾಲ್ಕು ಮಕ್ಕಳನ್ನು ನಿಲ್ಲಿಸಿ. ನಡುವೆ ಒಂದು ಬಕೆಟ್ ಇಡಿ, ಅದು ಕಡಿಮೆ ಒತ್ತಡದ ಜಾಗ. ಎಲ್ಲರೂ ಬಕೆಟ್ ಕಡೆಗೆ ಓಡಬೇಕು, ಆದರೆ ಪ್ರತಿ ಹೆಜ್ಜೆಗೂ ಸ್ವಲ್ಪ ತಮ್ಮ ಬಲಕ್ಕೆ ಸರಿಯಬೇಕು. ಭೂಮಿ ತಿರುಗುವುದರಿಂದ ಉತ್ತರಾರ್ಧದ ಗಾಳಿಗೆ ಆಗುವುದು ಇದೇ. ನಾಲ್ಕು ಹೆಜ್ಜೆಯಲ್ಲಿ ಮಕ್ಕಳು ಬಕೆಟ್ಟನ್ನು ಎಡಗೈ ಕಡೆ ಬಿಟ್ಟುಕೊಂಡು ಅಪ್ರದಕ್ಷಿಣೆ ಸುತ್ತುತ್ತಿರುತ್ತಾರೆ. ಇದೇ ಕಾರಣಕ್ಕೆ, ಬಯಲಿನಲ್ಲಿ ಬೆನ್ನಿಗೆ ಗಾಳಿ ಬೀಸುವ ಹಾಗೆ ನಿಂತರೆ ಒತ್ತಡ ಕಡಿಮೆ ಇರುವುದು ಎಡಗೈ ಕಡೆ. 1857ರಲ್ಲಿ ಡಚ್ ವಿಜ್ಞಾನಿ ಬಾಯ್ಸ್ ಬ್ಯಾಲಟ್ ಹೇಳಿದ ನಿಯಮ ಇದು.

ಮಳೆಯ ಮೂರು ವಿಧ ಇದಕ್ಕಿಂತ ಸುಲಭ. ಪರಿಸರಣ, ಆರೋಹ, ಆವರ್ತ. ಮೂರರಲ್ಲೂ ನಡೆಯುವುದು ಒಂದೇ: ಗಾಳಿ ಮೇಲೇರುತ್ತದೆ, ಹಿಗ್ಗುತ್ತದೆ, ತಣ್ಣಗಾಗುತ್ತದೆ, ಒಳಗಿನ ಆವಿ ಹನಿಯಾಗುತ್ತದೆ. ಹಿಗ್ಗಿದರೆ ತಣ್ಣಗಾಗುತ್ತದೆ ಅನ್ನುವುದು ಗೊತ್ತಾಗಬೇಕಿದ್ದರೆ ಸೈಕಲ್ ಟ್ಯೂಬಿನ ಗಾಳಿ ಬಿಡುವಾಗ ಬೆರಳು ಹಿಡಿಯಿರಿ. ಬೇರೆಯಾಗುವುದು ಗಾಳಿ ಏರುವ ರೀತಿ ಮಾತ್ರ. ಪರಿಸರಣದಲ್ಲಿ ಕಾದು ಏರುತ್ತದೆ, ಆರೋಹದಲ್ಲಿ ಬೆಟ್ಟ ಹತ್ತಿ ಏರುತ್ತದೆ, ಆವರ್ತದಲ್ಲಿ ಸುತ್ತಿ ಏರುತ್ತದೆ. ಕಾದು, ಹತ್ತಿ, ಸುತ್ತಿ. ಆರೋಹ ಮರೆತರೆ ಸಂಗೀತದ ಆರೋಹಣ ನೆನಪಿಸಿಕೊಳ್ಳಿ, ಸ್ವರ ಮೇಲೇರಿದ ಹಾಗೆ ಮೋಡ ಘಟ್ಟ ಏರುತ್ತದೆ. ಅವರೋಹಣದಲ್ಲಿ, ಅಂದರೆ ಘಟ್ಟದ ಆಚೆ ಇಳಿಯುವಾಗ, ಗಾಳಿ ಮತ್ತೆ ಬಿಸಿಯಾಗಿ ಒಣಗುತ್ತದೆ. ಅದಕ್ಕೇ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಸುರಿದರೆ, ಮಳೆ ನೆರಳಿನಲ್ಲಿರುವ ಚಳ್ಳಕೆರೆ ಕಡೆ 500ರ ಆಸುಪಾಸು.

ಎಲ್ ನಿನೋ, ಲಾ ನಿನಾ ಸುದ್ದಿ ಬಂದಾಗಲೆಲ್ಲ ಯಾವುದು ಬರ, ಯಾವುದು ಮಳೆ ಅಂತ ತಡಕಾಡುತ್ತೇವೆ. ಕನ್ನಡದ ಕಿವಿಗೆ ಇದು ಹೀಗೆ ಕೇಳಿಸಲಿ: ಎಲ್ ಅಂದರೆ "ಮಳೆ ಎಲ್ಲಿ?" ಲಾ ಅಂದರೆ ಲಾಭ. ಇದು ದಾರದ ಜಾತಿಯ ಉಪಾಯ. ಚಿತ್ರ ಬೇಕಿದ್ದರೆ ಕಾಫಿಯನ್ನು ಸಾಸರಿಗೆ ಸುರಿದುಕೊಂಡು ಊದಿ. ಊದಿದಾಗ ಕಾಫಿ ಆಚೆ ದಂಡೆಗೆ ಒತ್ತುತ್ತದೆ, ಊದುವುದು ನಿಲ್ಲಿಸಿದರೆ ಈಚೆ ಬರುತ್ತದೆ. ಪೆಸಿಫಿಕ್ ಸಾಗರ ಆ ಸಾಸರ್. ಮಾಮೂಲಿ ದಿನಗಳಲ್ಲಿ ವಾಣಿಜ್ಯ ಮಾರುತಗಳು ಪೂರ್ವದಿಂದ ಪಶ್ಚಿಮಕ್ಕೆ ಊದಿ, ಬೆಚ್ಚಗಿನ ನೀರನ್ನು ಇಂಡೋನೇಷ್ಯಾ ಕಡೆಗೆ ಒಟ್ಟಿರುತ್ತವೆ. ಅಲ್ಲಿ ಸಮುದ್ರದ ಮಟ್ಟವೇ ಸುಮಾರು ಅರ್ಧ ಮೀಟರ್ ಎತ್ತರ ಇರುತ್ತದೆ. ಬಿಸಿ ನೀರು ಎಲ್ಲೋ ಮಳೆಮೋಡ ಅಲ್ಲಿ. ಆ ಊದುವಿಕೆ ಸೋತ ವರ್ಷ ಬಿಸಿ ನೀರು ಪೆರು ದೇಶದ ಕಡೆಗೆ ಜಾರುತ್ತದೆ, ಮೋಡಗಳೂ ಅದರ ಹಿಂದೆ ಹೋಗುತ್ತವೆ, ನಮ್ಮ ಮುಂಗಾರಿನ ಬಲ ಕುಗ್ಗುತ್ತದೆ. ಇದು ಎಲ್ ನಿನೋ. ಕ್ರಿಸ್‌ಮಸ್ ಹೊತ್ತಿಗೆ ನೀರು ಬೆಚ್ಚಗಾಗುವುದನ್ನು ಕಂಡ ಪೆರುವಿನ ಮೀನುಗಾರರು ಬಾಲಯೇಸುವಿನ ನೆನಪಲ್ಲಿ ಇಟ್ಟ ಹೆಸರು, 'ಗಂಡು ಮಗು' ಅಂತ. ಊದುವುದು ಜೋರಾದರೆ ಲಾ ನಿನಾ, ಹೆಣ್ಣು ಮಗು.

2023 ಎಲ್ ನಿನೋ ವರ್ಷ. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಬೇಕಾಯಿತು. 2009ರಲ್ಲೂ ಎಲ್ ನಿನೋ, ದೇಶದ ಮುಂಗಾರು ಶೇಕಡ 22ರಷ್ಟು ಕಮ್ಮಿ. ಹಾಗಂತ ಈ ಉಪಾಯವನ್ನು ಪೂರ್ತಿ ನಂಬಿ ಕೂರಬೇಡಿ. 1997ರ ಎಲ್ ನಿನೋ ಆ ಶತಮಾನದ ಅತಿ ಜೋರಿನವುಗಳಲ್ಲಿ ಒಂದು. ಆದರೂ ಆ ವರ್ಷ ಮುಂಗಾರು ಮಾಮೂಲಿಗಿಂತ ಚೂರು ಹೆಚ್ಚೇ ಸುರಿಯಿತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಆಗ ಬೆಚ್ಚಗಿದ್ದು ನಮ್ಮ ಪರ ನಿಂತಿತು ಅನ್ನುತ್ತಾರೆ ವಿಜ್ಞಾನಿಗಳು. 'ಲಾಭ'ವೂ ಅರೆಸತ್ಯ. 2022 ಲಾ ನಿನಾ ವರ್ಷ. ಆ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ಜನ ಟ್ರ್ಯಾಕ್ಟರ್, ದೋಣಿ ಹತ್ತಿ ಓಡಾಡಿದರು.

ಬೆಂಗಳೂರಿನ ಆ ಮಳೆ ಒಂದೇ ದಿನದಲ್ಲಿ ಸುಮಾರು 130 ಮಿಲಿಮೀಟರ್. ಮಿಲಿಮೀಟರ್ ಅಂದ ಕೂಡಲೇ ಸ್ಕೇಲಿನ ಸಣ್ಣ ಗೀಟು ಕಾಣುತ್ತದೆ, ಅಷ್ಟೇನಾ ಅನ್ನಿಸುತ್ತದೆ. ಇದನ್ನು ಒಂದು ಸಲ ತಲೆಗೆ ಹಾಕಿಕೊಳ್ಳಿ: ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಮೂವತ್ತು ನಲವತ್ತರ ಸೈಟು ಸುಮಾರು 111 ಚದರ ಮೀಟರ್. 130ರಿಂದ ಗುಣಿಸಿ. ಒಂದೇ ಸೈಟಿನ ಮೇಲೆ 14,000 ಲೀಟರಿಗೂ ಜಾಸ್ತಿ. ಟ್ಯಾಂಕರ್ ಲೆಕ್ಕ ನೀವೇ ಹಾಕಿ. ಹವಾಮಾನ ಇಲಾಖೆಯವರು 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ ಅನ್ನುತ್ತಾರೆ. ಲೀಟರಿನಲ್ಲಿ ಯೋಚಿಸಿದರೆ ಆ ಹಳದಿ, ಕಿತ್ತಳೆ ಅಲರ್ಟುಗಳಿಗೆ ಅರ್ಥ ಬರುತ್ತದೆ.

ಎಲ್ಲರೂ ಕಲಸುವ ಇನ್ನೊಂದು ಜೋಡಿ ಓಜೋನ್ ರಂಧ್ರ ಮತ್ತು ಭೂಮಿ ಬಿಸಿಯಾಗುವುದು. "ಓಜೋನಿನಲ್ಲಿ ತೂತಾಗಿದೆ, ಬಿಸಿಲು ಒಳಗೆ ನುಗ್ಗಿ ಭೂಮಿ ಕಾಯುತ್ತಿದೆ" ಅಂತ ಭಾಷಣಗಳಲ್ಲೂ ಕೇಳಿದ್ದೇನೆ. ತಪ್ಪು. ಓಜೋನ್ ಕೊಡೆ, ಕಾರ್ಬನ್ ಡೈಆಕ್ಸೈಡ್, ನೀರಾವಿಯಂಥ ಅನಿಲಗಳು ಕಂಬಳಿ. ಕೊಡೆ ಮೇಲಿನಿಂದ ಬರುವುದನ್ನು ತಡೆಯುತ್ತದೆ, ಕಂಬಳಿ ಒಳಗಿನದು ಹೊರಗೆ ಹೋಗದಂತೆ ತಡೆಯುತ್ತದೆ. ಕೊಡೆ ತೂತಾದದ್ದು ಫ್ರಿಜ್ಜಿನಂಥವುಗಳಲ್ಲಿ ಬಳಸುತ್ತಿದ್ದ ಅನಿಲಗಳಿಂದ. ಅಂಟಾರ್ಕ್ಟಿಕಾದ ಮೇಲೆ ಅದು ಬೆಳಕಿಗೆ ಬಂದದ್ದು 1985ರಲ್ಲಿ, ಮಾಂಟ್ರಿಯಲ್ ಒಪ್ಪಂದ ಆಗಿದ್ದು 1987ರ ಸೆಪ್ಟೆಂಬರ್ 16ಕ್ಕೆ. ಈಗ ಆ ತೂತು ನಿಧಾನಕ್ಕೆ ಮುಚ್ಚುತ್ತಿದೆ. ಕಂಬಳಿಯ ಕಥೆ ಬೇರೆ. ಅದು ಕೆಟ್ಟದ್ದೇನಲ್ಲ, ಅದಿಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣಾಂಶ 15 ಡಿಗ್ರಿಯ ಬದಲು ಸೊನ್ನೆಗಿಂತ 18 ಕೆಳಗೆ ಇರುತ್ತಿತ್ತು. ತೊಂದರೆ ಇರುವುದು ಕಂಬಳಿ ದಪ್ಪವಾಗುವುದರಲ್ಲಿ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಇದ್ದ ಕಾರ್ಬನ್ ಡೈಆಕ್ಸೈಡ್ ಈಗ 420 ದಾಟಿದೆ.

ಪರಿಸರ ವಿಜ್ಞಾನಕ್ಕೆ ಬಂದರೆ ಮೊದಲ ಉಪಾಯ ಒಂದು ಸೊನ್ನೆ. ಆಹಾರ ಸರಪಳಿಯಲ್ಲಿ ಒಂದು ಮೆಟ್ಟಿಲು ಹತ್ತಿದರೆ ಒಂದು ಸೊನ್ನೆ ಅಳಿಸಿ. ಹುಲ್ಲಿನಲ್ಲಿ 10,000 ಇದ್ದ ಶಕ್ತಿ ಜಿಂಕೆಯ ಮೈಗೆ ಸೇರುವಾಗ 1,000, ಹುಲಿಯ ಮೈಗೆ ಸೇರುವಾಗ 100. ಉಳಿದದ್ದು ಉಸಿರಾಟಕ್ಕೆ, ಓಟಕ್ಕೆ, ಮೈ ಬಿಸಿ ಇಟ್ಟುಕೊಳ್ಳಲು ಖರ್ಚು. ಶೇಕಡ 10 ಅನ್ನುವುದು ಒರಟು ಲೆಕ್ಕ, ಕಾಡಿನಿಂದ ಕಾಡಿಗೆ ಬದಲಾಗುತ್ತದೆ. ಅಮೆರಿಕದ ಒಂದು ಕೆರೆಯಲ್ಲಿ ಈ ಶಕ್ತಿಯ ಹರಿವನ್ನು ಲೆಕ್ಕ ಹಾಕಿದವರು ರೇಮಂಡ್ ಲಿಂಡಮನ್. 1942ರಲ್ಲಿ ಆ ಪ್ರಬಂಧ ಅಚ್ಚಾಗುವ ಮೊದಲೇ ತೀರಿಕೊಂಡರು, ಇನ್ನೂ ಮೂವತ್ತೂ ತುಂಬಿರಲಿಲ್ಲ. ಕಾಡಲ್ಲಿ ಹುಲಿ ಯಾಕೆ ಅಪರೂಪ ಅನ್ನುವ ಪ್ರಶ್ನೆಗೆ ಈ ಸೊನ್ನೆಯೇ ಉತ್ತರ. ನಾಗರಹೊಳೆಯಲ್ಲಿ ದಶಕಗಟ್ಟಲೆ ಹುಲಿಗಳ ಬೆನ್ನು ಬಿದ್ದ ಉಲ್ಲಾಸ ಕಾರಂತರ ಲೆಕ್ಕವೂ ಹಾಗೇ ಇದೆ: ಒಂದು ಹುಲಿ ವರ್ಷಕ್ಕೆ ಜಿಂಕೆಯಂಥ 50 ಪ್ರಾಣಿ ಹೊಡೆಯುತ್ತದೆ, ಅಷ್ಟು ಸಿಗಬೇಕಾದರೆ ಕಾಡಲ್ಲಿ 500 ಇರಬೇಕು.

ಒಂದು ಜೀವಿಯ ಆವಾಸ ಅಂದರೆ ಅದರ ವಿಳಾಸ. ಪ್ರಾಸವೇ ಸಾಕು. ಪರಿಸರದಲ್ಲಿ ಅದು ಮಾಡುವ ಕೆಲಸ ಅದರ ಕಸುಬು. ಈ ವಿಳಾಸ, ಕಸುಬಿನ ಹೋಲಿಕೆ ಪರಿಸರ ವಿಜ್ಞಾನಿ ಯುಜೀನ್ ಓಡಮ್ ಅವರದು. ಒಂದೇ ಆಲದ ಮರದಲ್ಲಿ ಬಾವಲಿ, ಮರಕುಟಿಗ ಎರಡೂ ಇದ್ದರೆ ವಿಳಾಸ ಒಂದೇ, ಕಸುಬು ಬೇರೆ. ಅದಕ್ಕೇ ಜಗಳ ಇಲ್ಲ.

ಜೀವಿಗಳ ನಡುವಿನ ಸಂಬಂಧಕ್ಕೆ ತೋಟದ ಮರಗಳನ್ನು ನೋಡಿದರೆ ಸಾಕು. ಹಲಸಿನ ಕೊಂಬೆಯ ಮೇಲಿನ ಸೀತಾಳೆ ಸಭ್ಯ ಬಾಡಿಗೆದಾರ. ಕೂರಲು ಜಾಗ ಕೊಟ್ಟರೆ ಸಾಕು, ಮರದ ರಸಕ್ಕೆ ಕೈ ಹಾಕುವುದಿಲ್ಲ. ಇದು ಸಹಭೋಜಿತ್ವ: ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ಏನೂ ಇಲ್ಲ. ಮಾವಿನ ಮರದ ಬಂದಳಿಕೆ ಬಂದು ಅಳಿಸುವ ನೆಂಟ. ಎಲೆ ಹಸಿರಾಗಿದೆ, ತನ್ನ ಊಟ ತಾನೇ ಮಾಡಿಕೊಳ್ಳುತ್ತದೆ, ಆದರೆ ನೀರು ಮಾತ್ರ ಮರದ್ದೇ ಬೇಕು. ಇದು ಪರಾವಲಂಬನೆ. ಅತ್ತಿ ಹಣ್ಣು ಮತ್ತು ಅದರೊಳಗಿನ ಪುಟ್ಟ ಕಣಜ ಬೀಗರು. ಹೂವಿಗೆ ಪರಾಗ ತಂದುಕೊಡುವುದು ಕಣಜ, ಕಣಜದ ಮರಿಗೆ ಮನೆ ಕೊಡುವುದು ಅತ್ತಿ. ಒಬ್ಬರಿಲ್ಲದೆ ಇನ್ನೊಬ್ಬರ ವಂಶ ಬೆಳೆಯುವುದಿಲ್ಲ.

ಇಂಥ ಕೊಕ್ಕೆಗಳ ಮೇಲೆ ಬೇಸಾಯವನ್ನೇ ನಡೆಸಿದವರು ನಮ್ಮ ಹಿರಿಯರು. ಸೂರ್ಯ 27 ನಕ್ಷತ್ರಗಳನ್ನು ವರ್ಷಕ್ಕೆ ಒಂದು ಸುತ್ತು ಹಾಕುತ್ತಾನೆ, ಅಂದರೆ ಒಂದೊಂದು ಮಳೆ ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಆ ಕ್ಯಾಲೆಂಡರ್ ಓದಲು ಬಾರದವರ ತಲೆಯಲ್ಲೂ ಉಳಿಯಲಿ ಅಂತ ಪ್ರಾಸ ಕಟ್ಟಿದರು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ. ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ. ಭರಣಿ ಏಪ್ರಿಲ್ ಕೊನೆಗೆ, ಮುಂಗಾರಿಗೆ ಮೊದಲಿನ ಮಳೆ. ನೆಲ ಹದವಾಗುವ ಹೊತ್ತು. ಆರಿದ್ರೆ ಜೂನ್ 22ರ ಸುಮಾರಿಗೆ. ಅಷ್ಟು ಹೊತ್ತಿಗೆ ಮುಂಗಾರು ನೆಲೆ ನಿಂತಿರಬೇಕು, ಇಲ್ಲದಿದ್ದರೆ ಬಿತ್ತನೆ ಕೆಟ್ಟ ಹಾಗೆ. ಗಾದೆ ಈ ವರ್ಷದ ಮಳೆಯನ್ನು ಮುಂಚೆ ಹೇಳುವುದಿಲ್ಲ. ಯಾವ ಹದಿನೈದು ದಿನದಲ್ಲಿ ಏನು ನೋಡಬೇಕು ಅನ್ನುವುದನ್ನು ನೆನಪಿಸುತ್ತದೆ. ಮೇಲಿನ ಮಾತಿನಲ್ಲಿ ಹೇಳುವುದಾದರೆ ಅದು ಗುಣದ ಜ್ಞಾಪಕ, ಮಾನದ್ದಲ್ಲ.

ಬಳಸುವ ವಿಧಾನದ ಬಗ್ಗೆ ಒಂದೇ ಮಾತು. ಓದಿದ್ದನ್ನೇ ಮತ್ತೆ ಮತ್ತೆ ಓದಿದರೆ ಗೊತ್ತಿದೆ ಅನ್ನುವ ಭ್ರಮೆ ಬರುತ್ತದೆ. ಪುಸ್ತಕ ಮುಚ್ಚಿ ಮೂರು ಒಲೆಯ ಚಿತ್ರ ಬರೆಯಿರಿ. ಎರಡು ದಿನ ಬಿಟ್ಟು ಮತ್ತೆ ಬರೆಯಿರಿ, ವಾರ ಬಿಟ್ಟು ಇನ್ನೊಮ್ಮೆ. ತಡವರಿಸಿ ನೆನಪಿಸಿಕೊಂಡದ್ದೇ ಉಳಿಯುತ್ತದೆ. ಮತ್ತೆ, ನನ್ನ ಉಪಾಯಗಳನ್ನು ಹಾಗೇ ನುಂಗಬೇಡಿ, ನಿಮ್ಮ ಮನೆಯ ಸಾಮಾನು ಹಾಕಿ ಬದಲಾಯಿಸಿಕೊಳ್ಳಿ.

ಮೊನ್ನೆ ಅಕ್ಕನ ಮನೆಗೆ ಹೋದಾಗ ಹುಡುಗನ ನೋಟ್‌ಬುಕ್ ತೆರೆದು ನೋಡಿದೆ. ಮೂರು ಒಲೆ ಬರೆದಿದ್ದ, ಎರಡನೆಯದಕ್ಕೆ ಓಜೋನ್ ಅಂತ ಹೆಸರು ಹಾಕಿದ್ದ. ಪಕ್ಕದಲ್ಲಿ ನನ್ನ ವಾಕ್ಯವನ್ನು ತಿದ್ದಿ ಇಟ್ಟಿದ್ದ: "ಪುಟ್ಟಾ, ಸಂಜೆ ಮನೇಲಿ ಉದ್ದಿನವಡೆ, ಬಾ!" ಉಪ್ಪಿಟ್ಟು ಅಂದರೆ ಅವನಿಗೆ ಆಗಲ್ವಂತೆ.